ಯಾವ ಬಿಡು

ಆ ಅಣ್ಣತಮ್ಮಂದಿರ ಜಗಳ ಶುರುವಾಯಿತೆಂದರೆ ತಂತಿಯ ಮೇಲಿನ ಕಾಗೆಗಳೂ ಎದ್ದು ಪಕ್ಕದ ಬೀದಿಗೆ ಹೋಗಿ ಕೂರುತ್ತಿದ್ದವು. ಅಣ್ಣನಿಗೆ ಬೀದಿಯವರು ಇಟ್ಟ ಹೆಸರು ಅಳತೆ. ತುತ್ತು ಎತ್ತುವಾಗಲೂ ತಟ್ಟೆಯಿಂದ ಬಾಯಿಗೆ ಎಷ್ಟು ಇಂಚು ಎಂದು ನೋಡಿಕೊಂಡೇ ಎತ್ತುವ ಪ್ರಾಣಿ. ತಮ್ಮನಿಗೆ ಎಡಚ. ಎಡಗೈಯಲ್ಲಿ ಉಣ್ಣುತ್ತಿದ್ದ, ಎಡಗೈಯಲ್ಲಿ ಕತ್ತರಿಸುತ್ತಿದ್ದ, ಹೊಡೆಯುವಾಗ ಮಾತ್ರ ಯಾವ ಕೈಗೂ ಅನ್ಯಾಯ ಮಾಡುತ್ತಿರಲಿಲ್ಲ.

ಇಬ್ಬರಿಗೂ ಸೇರಿ ಒಂದೇ ಅಂಗಡಿ. ಕಾರಿನ ಸೀಟಿಗೆ ಕವರು ಹೊಲಿಯುವುದು, ಕಾಲಡಿಗೆ ರಬ್ಬರ್ ಮ್ಯಾಟು ಕತ್ತರಿಸುವುದು. ಒಳಗೆ ಕಾಲಿಟ್ಟರೆ ಹೊಸ ಟೈರು ನುಂಗಿದ ಹಾಗೆ ವಾಸನೆ. ರಬ್ಬರ್ ಸುರುಳಿಗಳು ಕುಡಿದು ಬಂದ ಸೋದರಮಾವಂದಿರ ಹಾಗೆ ಗೋಡೆಗೆ ಒರಗಿ ನಿಂತಿರುತ್ತಿದ್ದವು. ಮೊಳೆಗಳಿಗೆ ರಟ್ಟಿನ ಅಚ್ಚುಗಳು, ಒಂದೊಂದು ಕಾರಿಗೆ ಒಂದೊಂದು. ತಗಡು ಹೊದಿಸಿದ ಉದ್ದನೆಯ ಮೇಜು, ಅದರ ಮೇಲೆ ಕಬ್ಬಿಣದ ಅಳತೆಪಟ್ಟಿ, ಬಾಗಿದ ಚಾಕು, ತೂತು ಹೊಡೆಯುವ ಉಳಿ. ಹಿಂದಿನ ಮೂಲೆಯಲ್ಲಿ ಹೊಲಿಗೆ ಮಿಷನ್ನು, ಅದರ ಮುಂದೆ ಅಳತೆಯ ಹೆಂಡತಿ. ಎಡಚ ಅವಳನ್ನು ಅತ್ತಿಗೆ ಅನ್ನುತ್ತಾನೆಂದು ಬೀದಿಗೆ ಬೀದಿಯೇ ಅತ್ತಿಗೆ ಅಂದಿತು. ಅವಳ ಅಪ್ಪನ ವಯಸ್ಸಿನ, ಎದುರು ಅಂಗಡಿಯ ಕ್ಷೌರದವನಿಗೂ ಅವಳು ಅತ್ತಿಗೆಯೇ.

ಅವಳು ಮದುವೆಯಾಗಿ ಬಂದಾಗ ಎಡಚ ಇನ್ನೂ ಮೀಸೆ ಮೂಡದವನು. ಅವನನ್ನು ಬೈದು, ಉಣಿಸಿ, ಬೆಳೆಸಿ, ಮದುವೆ ಮಾಡಿದ್ದು ಅವಳೇ. ಅವಳಿಗೆ ಅವನು ಇವತ್ತಿಗೂ ಏಕವಚನ. ಹನ್ನೆರಡು ವರ್ಷದಲ್ಲಿ ಆ ಇಬ್ಬರ ನಡುವೆ ಅಡ್ಡ ಬಂದು ಅವಳು ತಿಂದ ಏಟುಗಳನ್ನು ಕಲ್ಲು ತಿಂದಿದ್ದರೆ ಮರಳಾಗಿರುತ್ತಿತ್ತು.

ಆ ದಿನದ ಜಗಳಕ್ಕೆ ಕಾರಣ ಎರಡು ತೂತು. ಕಾರಿನ ನೆಲದಲ್ಲಿ, ಡ್ರೈವರ್ ಕಾಲಿಡುವ ಕಡೆ, ಎರಡು ಕೊಕ್ಕೆ ಇರುತ್ತವೆ. ಮ್ಯಾಟಿಗೆ ಎರಡು ತೂತು ಹೊಡೆದು ಆ ಕೊಕ್ಕೆಗೆ ಸಿಕ್ಕಿಸಿದರೆ ಮ್ಯಾಟು ಇದ್ದಲ್ಲೇ ಇರುತ್ತದೆ. ಅಳತೆಗೆ ಆ ತೂತೆಂದರೆ ಪ್ರಾಣ. ಎಡಚನಿಗೆ ಅದು ಕೆಲಸವಿಲ್ಲದವನ ಕೆಲಸ.

"ಇದಕ್ಕೆ ತೂತೆಲ್ಲೋ?" ಅಳತೆ ಮೇಜಿನ ಮೇಲಿದ್ದ ಮ್ಯಾಟು ಎತ್ತಿ ಬೆಳಕಿಗೆ ಹಿಡಿದ.

"ನಿನ್ನ ತಲೆಯಲ್ಲಿ ಇದ್ಯಲ್ಲ, ಸಾಲದಾ?"

"ಎರಡು ಬೆರಳು ಉದ್ದ ಬೇರೆ ಕತ್ತರಿಸಿದೀಯ. ಜರುಗತ್ತೆ ಕಣೋ. ಜರುಗಿ ಪೆಡಲ್ ಮೇಲೆ ಕೂರತ್ತೆ. ಯಾರಾದ್ರೂ ಸಾಯ್ತಾರೆ."

"ಇಷ್ಟು ವರ್ಷ ಎಷ್ಟು ಜನ ಸತ್ರು, ಹೆಣ ತೋರಿಸು. ಎಲ್ಲಿ ಹೂತಿಟ್ಟಿದೀಯ? ಮಿಷನ್ ಕೆಳಗಾ?"

"ಒಬ್ಬ ಸಾಯೋ ತನಕ ಕಾಯ್ಬೇಕಾ?"

"ಕಾಯಿ. ನಿಂಗೆ ಬೇರೆ ಏನು ಕೆಲಸ ಇದೆ."

ಎಡಚ ಮ್ಯಾಟನ್ನು ಅಣ್ಣನ ಕೈಯಿಂದ ಕಿತ್ತುಕೊಂಡು ಹೊರಗೆ ಹೋದ. ಹೊಲಿಗೆಯ ಸದ್ದಿನಲ್ಲಿ ಅತ್ತಿಗೆಗೆ ಕಾರಿನ ಬಾಗಿಲು ದಢಾರೆಂದು ಬಡಿದದ್ದಷ್ಟೇ ಕೇಳಿಸಿತು. ಕೈ ಕೊಡವಿಕೊಳ್ಳುತ್ತ ಒಳಗೆ ಬಂದ ತಮ್ಮನನ್ನು ಅಳತೆ ಕೇಳಿದ, "ಎಲ್ಲಿ ಹಾಕ್ದೆ ಅದನ್ನ?"

"ಹಾಕ್ಬೇಕಾದ ಕಡೆ ಹಾಕಿದೀನಿ. ನಿನ್ನ ಬಾಯಿ ಮುಚ್ಚೋಕೆ."

ಅಳತೆ ಕೈಗೆ ಸಿಕ್ಕ ಸುರುಳಿ ಎತ್ತಿ ಬೀಸಿದ. ಎಡಚ ತಗ್ಗಿದ, ಸುರುಳಿ ಅಚ್ಚುಗಳ ಗೋಡೆಗೆ ಬಡಿದು, ಲೋಕದ ಕಾರುಗಳೆಲ್ಲ ಒಂದೇ ಸಲ ರಟ್ಟಾಗಿ ಉದುರಿದವು. ಎಡಚ ಅಣ್ಣನ ಹೊಟ್ಟೆಗೆ ತಲೆಯಿಂದ ಗುದ್ದಿದ. ಅಳತೆ ಅವನ ಕಿವಿ ಹಿಡಿದು ಮೇಜಿನ ಅಂಚಿಗೆ ಅಪ್ಪಳಿಸಿದ. ಅತ್ತಿಗೆ ಮಿಷನ್ನಿನಿಂದ ಕಾಲು ತೆಗೆದು ಎದ್ದು ಬರುವಷ್ಟರಲ್ಲಿ ಎಡಚನ ಕೈಗೆ ಕಬ್ಬಿಣದ ಪಟ್ಟಿ ಸಿಕ್ಕಿತ್ತು. ಅದು ಗಾಳಿಯಲ್ಲಿ ಸೀಟಿ ಹೊಡೆದುಕೊಂಡು ಬಂದು ಅಳತೆಯ ಹುಬ್ಬಿನ ಮೇಲೆ ಕೂತಿತು. ಹುಬ್ಬು ತೆರೆದುಕೊಂಡಿತು, ಒಡೆದ ಟೊಮೆಟೊ ಹಣ್ಣಿನ ಹಾಗೆ. ಒಬ್ಬ ಮನುಷ್ಯನಲ್ಲಿ ಅಷ್ಟು ರಕ್ತ ಇರುತ್ತದೆಂದು ಬೀದಿಗೆ ಅವತ್ತೇ ಗೊತ್ತಾದದ್ದು. ಎರಡೂ ಕಣ್ಣು ಮುಚ್ಚಿ, ಮೂಗಿನ ತುದಿಯಿಂದ ತೊಟ್ಟಿಕ್ಕಿ, ಅಂಗಿ ಒದ್ದೆಯಾಗಿ ಹೊಸ್ತಿಲವರೆಗೆ ಹರಿಯಿತು.

ಎಡಚ ನಿಂತಲ್ಲೇ ಬಿಳಿಚಿಕೊಂಡ. ಪಟ್ಟಿ ಕೆಳಗೆ ಬಿತ್ತು.

"ಕಾರಿಗೆ ಹತ್ತಿ," ಅಂದಳು ಅತ್ತಿಗೆ ಗಂಡನಿಗೆ, ಸೀಟಿನ ಬಟ್ಟೆಯೊಂದನ್ನು ಅವನ ಹಣೆಗೆ ಒತ್ತಿ. "ನಾನೇ ಓಡಿಸ್ತೀನಿ."

"ನೀನಾ? ಹಂಗಾದ್ರೆ ಆಸ್ಪತ್ರೆಗಲ್ಲ, ನೇರವಾಗಿ ಸ್ಮಶಾನಕ್ಕೇ ಬಿಡು."

ಅಷ್ಟು ರಕ್ತದಲ್ಲೂ ಅವನಿಗೆ ಗೇಲಿ. ಅವಳು ಡ್ರೈವಿಂಗ್ ಕಲಿತು ಮೂರು ತಿಂಗಳಾಗಿತ್ತು. ಅಂಗಡಿ ಮುಂದೆ ನಿಂತಿದ್ದ ಅವರದೇ ಗೇರಿಲ್ಲದ ಕಾರು, ಕಾಲಿನ ಹತ್ತಿರ ಎರಡೇ ಪೆಡಲು, ಒಂದು ಹೋಗೋಕೆ ಒಂದು ನಿಲ್ಲೋಕೆ. ಕತ್ತೆಯನ್ನು ಕೂರಿಸಿದರೂ ಓಡಿಸುತ್ತದೆ ಎಂದು ಗಂಡನೇ ಕಲಿಸಿದ್ದ. ಅವಳು ಗಂಡನನ್ನು ಪಕ್ಕದ ಸೀಟಿಗೆ ತಳ್ಳಿ, ತಾನು ಸ್ಟೀರಿಂಗ್ ಹಿಡಿದು, ಕಾಲ ಬುಡ ನೋಡದೆ ಕೀ ತಿರುಗಿಸಿದಳು.

ಅಷ್ಟರಲ್ಲಿ ಎಡಚ ಓಡಿಬಂದು ಕಾರಿನ ಮುಂದೆ ನಿಂತ. ಎರಡೂ ಕೈ ಬಾನೆಟ್ಟಿನ ಮೇಲೆ.

"ಅಣ್ಣ, ಇಳಿಯೋ. ನಾನು ಕರ್ಕೊಂಡು ಹೋಗ್ತೀನಿ."

ಅಳತೆ ಕಿಟಕಿಯಿಂದ ತಲೆ ಹಾಕಿ, ಕಣ್ಣು ಕಾಣದೆ, ದನಿ ಬಂದ ಕಡೆ ಅರಚಿದ. "ಅಡ್ಡ ನಿಂತ್ರೆ ಮೈಮೇಲೆ ಹತ್ತಿಸ್ಕೊಂಡು ಹೋಗ್ತೀನಿ ನೋಡು. ನಿನ್ನ ಕರುಳು ಟೈರಿಗೆ ಸುತ್ಕೋಬೇಕು, ಹಂಗೆ."

ಇದನ್ನು ಬೀದಿಯೆಲ್ಲ ಕೇಳಿತು. ಕ್ಷೌರದವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬಂದಿದ್ದ.

ಅತ್ತಿಗೆ ಮೆಲ್ಲಗೆ ಪೆಡಲು ಒತ್ತಿದಳು. ಒಂದು ಗೇಣು ಮುಂದೆ ಹೋದರೆ ಮೈದುನ ಪಕ್ಕಕ್ಕೆ ಸರಿಯುತ್ತಾನೆ ಅಂದುಕೊಂಡು. ಅವನು ಸರಿಯಲಿಲ್ಲ. ಅವಳು ಕಾಲು ತೆಗೆದಳು. ಕಾಲು ಬಂತು, ಪೆಡಲು ಬರಲಿಲ್ಲ. ಕಾರು ಬಾಲ ತುಳಿಸಿಕೊಂಡ ಹುಲಿಯ ಹಾಗೆ ಒದರಿ ನೆಗೆಯಿತು.

"ಬಿಡು," ಎಂದು ಕೂಗಿದ ಅಳತೆ. "ಬಿಡು, ಬಿಡು, ಬಿಡೇ."

ಎಡಚ ಬಾನೆಟ್ಟಿನ ಮೇಲೆ ಬಿದ್ದು, ಅವಳ ಮುಖಕ್ಕೆ ಮುಖ ಕೊಟ್ಟು, ಗಾಜಿಗೆ ಕೆನ್ನೆ ಅಂಟಿಸಿಕೊಂಡು ಬೀದಿಯಗಲಕ್ಕೂ ಬಂದ. ಅವಳು ಬ್ರೇಕು ತುಳಿದಳು. ಬ್ರೇಕಿನ ಕೆಳಗೆ ಏನೋ ಹಾಸಿಗೆ ಸುತ್ತಿಟ್ಟ ಹಾಗೆ ಮೆತ್ತಗಿತ್ತು, ಕೆಳಗೇ ಇಳಿಯಲಿಲ್ಲ. ಎದುರಿನ ಕಲ್ಲಿನ ಗೋಡೆ ಓಡಿ ಬಂತು. ಎಡಚ ಕೆಳಗೆ ಜಾರಿದ. ಆಮೇಲೆ ಕೇಳಿದ ಸದ್ದನ್ನು ಅವಳು ಸಾಯುವವರೆಗೂ ಮರೆಯಲಿಲ್ಲ. ಹಸಿ ಕೊಂಬೆ ಮುರಿದ ಸದ್ದು, ಅದರ ಮೇಲೆ ಮನುಷ್ಯನ ಸದ್ದು. ಗೋಡೆಗೂ ಕಾರಿಗೂ ನಡುವೆ ಅವನ ಬಲಗಾಲು ಸಿಕ್ಕಿ, ಚಕ್ರಗಳು ಇನ್ನೂ ನೆಲ ಕೆರೆಯುತ್ತ, ಹೊಗೆಯಾಡುತ್ತ ಅರಚುತ್ತಿದ್ದವು. ಯಾರೋ ಕೈ ಹಾಕಿ ಕೀ ತಿರುಗಿಸಿದರು.

ಜನ ಅಂದರೆ ಜನ. ಹತ್ತು ಜನರ ಬೀದಿಯಲ್ಲಿ ನೂರು ಜನ ಎಲ್ಲಿಂದ ಬರುತ್ತಾರೋ. ಅಳತೆಯನ್ನು ಕೂದಲು ಹಿಡಿದು ಎಳೆದರು. ಮೊದಲೇ ಒಡೆದ ಹುಬ್ಬಿಗೆ ಚಪ್ಪಲಿ ಏಟು, ಪಕ್ಕೆಗೆ ಬೂಟು. "ತಮ್ಮನ ಮೇಲೆ ಹತ್ತಿಸು ಅಂತೀಯಾ? ಬಿಡು ಬಿಡು ಅಂತ ಹೇಳ್ಕೊಡ್ತೀಯಾ?" ಕಾರಿಗೆ ಕಲ್ಲು ಬಿತ್ತು, ಗಾಜು ಅತ್ತಿಗೆಯ ತೊಡೆಯ ಮೇಲೆ ಸಕ್ಕರೆಯ ಹಾಗೆ ಸುರಿಯಿತು. ಹಿಂದಿನ ಮನೆಯಿಂದ ಎಡಚನ ಹೆಂಡತಿ, ಅತ್ತಿಗೆಯ ಓರಗಿತ್ತಿ, ಸೌಟು ಹಿಡಿದವಳು ಹಿಡಿದ ಹಾಗೇ ಓಡಿಬಂದು, ಗಂಡನ ಕಾಲು ನೋಡಿ, ತಿರುಗಿ ಅತ್ತಿಗೆಯ ತಲೆಯ ಮೇಲೆ ಅದೇ ಸೌಟು ಮುರಿಯುವವರೆಗೆ ಹೊಡೆದಳು. ಅತ್ತಿಗೆ ಕೈ ಅಡ್ಡ ತರಲಿಲ್ಲ.

ಪೊಲೀಸರು ಬಂದು ಬರೆದುಕೊಂಡರು. ಓಡಿಸಿದವಳು ಹೊಸಬಳು, ಕಾಗದಕ್ಕೆ ಸಹಿ ಹಾಕಿಸಿಕೊಂಡು ಮನೆಗೆ ಬಿಟ್ಟರು. ಓಡಿಸು ಎಂದು ಹೇಳಿದವನನ್ನು ಒಳಗೆ ಹಾಕಿದರು. ಕೊಲ್ಲಲು ಹೇಳಿಕೊಟ್ಟ ಕೇಸು. ಆಸ್ಪತ್ರೆಯಲ್ಲಿ ಎಡಚನೇ ಹೇಳಿಕೆ ಕೊಟ್ಟಿದ್ದ. ಸೋಮವಾರ ಅದು ಕೋರ್ಟಿಗೆ ಹೋದರೆ ಅಳತೆ ದೊಡ್ಡ ಜೈಲಿಗೆ. ಹೊರಗೆ ಬರುವಾಗ ಕೋಲು ಹಿಡಿದು ಬರಬೇಕು ಅಂದರು ಲಾಯರು.

ನಮ್ಮ ಮಾತಿನಲ್ಲಿ ಬಿಡು ಅನ್ನುವುದರಷ್ಟು ಕಿತಾಪತಿಯ ಮಾತು ಇನ್ನೊಂದಿಲ್ಲ. ಬಸ್ಸು ಬಿಡು ಅಂದರೆ ಹೊರಡು. ಕೈ ಬಿಡು ಅಂದರೆ ನಿಲ್ಲಿಸು. ಬಾಣ ಬಿಡು ಅಂದರೆ ಹೊಡಿ. ಹೋಗಲಿ ಬಿಡು ಅಂದರೆ ಕ್ಷಮಿಸು. ಒಂದೇ ಮಾತಿನಲ್ಲಿ ಕೊಲೆಯೂ ಇದೆ, ಕ್ಷಮೆಯೂ ಇದೆ. ಯಾವುದು ಬೇಕೋ ಅದನ್ನು ಕೇಳಿದವರು ಆರಿಸಿಕೊಳ್ಳಬೇಕು. ಬೀದಿ ಆರಿಸಿಕೊಂಡಿತ್ತು. ಅತ್ತಿಗೆಗೆ ಮಾತ್ರ ಆಗಿರಲಿಲ್ಲ. ತಾನು ಕಾಲು ತೆಗೆದದ್ದು ನಿಜವೇ ಎಂಬುದೇ ಅವಳಿಗೆ ಅನುಮಾನವಾಗತೊಡಗಿತ್ತು.

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಕಂಬಿಯ ಆಚೆ ಕೂತ ಗಂಡನನ್ನು ಕೇಳಿಯೇ ಕೇಳಿದಳು. ಅವನ ಮುಖ ಸುಟ್ಟ ಬದನೆಕಾಯಿಯ ಹಾಗೆ ಊದಿತ್ತು.

"ಯಾವ ಬಿಡು ಅಂದ್ರಿ ನೀವು?"

ಅವನು ಊದದ ಒಂದು ಕಣ್ಣಿನಿಂದ ಅವಳನ್ನು ನೋಡಿದ. "ನೀನೂ ಕೇಳ್ತೀಯಾ?"

"ನನ್ನ ಹತ್ರ ಹೇಳಿ. ಯಾರಿಗೂ ಹೇಳಲ್ಲ."

"ಹನ್ನೆರಡು ವರ್ಷ ನನ್ನ ಗೊರಕೆ ಕೇಳಿದೀಯ. ಮಾತು ಕೇಳಿಲ್ವಾ?" ಅಂದು ಗೋಡೆಗೆ ಮುಖ ಮಾಡಿದ. ಆಮೇಲೆ, ಗೋಡೆಗೇ ಹೇಳಿದ ಹಾಗೆ, "ನನ್ನ ಕನ್ನಡಕ ಕಾರಲ್ಲಿದೆ. ತಂದ್ಕೊಡು. ಈ ತಿಗಣೆಗಳನ್ನ ನೆಟ್ಟಗೆ ನೋಡೋಕಾಗ್ತಿಲ್ಲ."

ಕಾರು ಸ್ಟೇಷನ್ನಿನ ಅಂಗಳದಲ್ಲಿ, ಹಲ್ಲು ಉದುರಿದ ಮುದುಕಿಯ ಹಾಗೆ ಬಾಯಿ ತೆರೆದು ನಿಂತಿತ್ತು. ಅತ್ತಿಗೆ ಗಾಜಿನ ಚೂರು ಸರಿಸಿ ಕನ್ನಡಕಕ್ಕಾಗಿ ಸೀಟಿನ ಕೆಳಗೆ ಬಗ್ಗಿದಳು. ಬಗ್ಗಿದವಳು ಅಲ್ಲೇ ಉಳಿದಳು.

ಆಕ್ಸಿಲರೇಟರ್ ಪೆಡಲು ಇನ್ನೂ ಕೆಳಗೇ ಇತ್ತು. ಅದರ ತಲೆಯ ಮೇಲೆ ಹೊಸ ರಬ್ಬರ್ ಮ್ಯಾಟಿನ ತುದಿ ಹಿಡಿದುಕೊಂಡಿತ್ತು, ಬೋನು ಇಲಿಯನ್ನು ಹಿಡಿದ ಹಾಗೆ. ಮ್ಯಾಟಿನ ಇನ್ನೊಂದು ಮಡಿಕೆ ಬ್ರೇಕಿನ ಬುಡಕ್ಕೆ ಹೋಗಿ ಕೂತಿತ್ತು. ಕೆಳಗಿನ ಹಳೆಯ ಮ್ಯಾಟು ಎರಡೂ ಕೊಕ್ಕೆಗೆ ಸಿಕ್ಕಿಕೊಂಡು ಇದ್ದಲ್ಲೇ ಇತ್ತು. ಮೇಲಿನದಕ್ಕೆ ತೂತೇ ಇರಲಿಲ್ಲ. ಅವಳು ಅದರ ಅಂಚಿನ ಮೇಲೆ ಬೆರಳಾಡಿಸಿದಳು. ಬಲಗೈಯವನು ಚಾಕು ಎಳೆದರೆ ರಬ್ಬರಿನ ಅಂಚು ಒಂದು ಕಡೆ ವಾಲುತ್ತದೆ, ಎಡಗೈಯವನು ಎಳೆದರೆ ಇನ್ನೊಂದು ಕಡೆ. ಹನ್ನೆರಡು ವರ್ಷ ಆ ಅಂಚುಗಳಿಗೆ ಪಟ್ಟಿ ಹೊಲಿದವಳಿಗೆ ಕಣ್ಣು ಬೇಕಿರಲಿಲ್ಲ.

ಎಡಚ ಕೈ ಕೊಡವಿಕೊಂಡು ಒಳಗೆ ಬಂದದ್ದು. ಹಾಕಬೇಕಾದ ಕಡೆ ಹಾಕಿದೀನಿ ಅಂದದ್ದು. ಅವನಿಗೆ ಗೊತ್ತಿತ್ತು. ಗಾಜಿಗೆ ಕೆನ್ನೆ ಒತ್ತಿಕೊಂಡು ಬರುವಾಗಲೇ ಅವನಿಗೆ ಗೊತ್ತಿತ್ತು, ಪೆಡಲು ಹಿಡಿದದ್ದು ತನ್ನ ಮ್ಯಾಟೆಂದು.

ಅವಳು ಸ್ಟೇಷನ್ನಿನ ರೈಟರನ್ನು ಕೈ ಹಿಡಿದು ಎಳೆದು ತಂದಳು. ರೈಟರು ಅಂದರೆ ಹೇಳಿಕೆ ಬರೆಯುವ ಪೊಲೀಸು, ಹೊಟ್ಟೆ ಮುಂದೆ ಹೋದ ಮೇಲೆ ಎರಡು ನಿಮಿಷಕ್ಕೆ ತಾನು ಬರುವಂಥ ಆಳು. ಅವನು ಬಗ್ಗಿ ನೋಡಿದ, ಪೆನ್ನಿನಿಂದ ಮ್ಯಾಟು ಎತ್ತಿದ. ಪೆಡಲು ಟಕ್ಕೆಂದು ಮೇಲೆ ಬಂತು.

"ಸರಿನಮ್ಮ. ಆದ್ರೆ ಮ್ಯಾಟು ಬಾಯಿಬಿಟ್ಟು ಹೇಳಲ್ವಲ್ಲ. ಕಾಲು ಮುರಿಸ್ಕೊಂಡವನೇ ಅಣ್ಣ ಹೇಳಿದ್ದು ಅಂತಿದಾನೆ."

"ಅವನ ಬಾಯಿಂದ್ಲೇ ಹೇಳಿಸಿದ್ರೆ?"

"ಹೇಳಿದ್ರೆ ಬರ್ಕೋತೀನಿ. ಹೆಂಗೂ ಅವನ ಹೇಳಿಕೆ ಓದಿ ಹೇಳಿ ಎರಡನೇ ಸಹಿ ತಗೋಬೇಕು. ಬನ್ನಿ."

ಅವಳು ಮ್ಯಾಟನ್ನು ಕಂಕುಳಲ್ಲಿ ಮಡಚಿ ಹಿಡಿದು ಹೊರಟಳು.

ಆಸ್ಪತ್ರೆಯ ವಾರ್ಡಿನಲ್ಲಿ ಹದಿನಾರು ಹಾಸಿಗೆ. ಎಡಚನ ಕಾಲಿಗೆ ಹೊರಗಿನಿಂದಲೇ ನಾಲ್ಕು ಕಬ್ಬಿಣದ ಕಡ್ಡಿ ಚುಚ್ಚಿ, ಕಟ್ಟಡ ಕಟ್ಟುವವರ ಹಾಗೆ ಬಿಗಿದಿದ್ದರು. ಕಾಲು ಉಳಿಯುತ್ತದೆ, ಮಂಡಿ ಮಡಚುವುದಿಲ್ಲ ಅಂದಿದ್ದರು ಡಾಕ್ಟರು. ಓರಗಿತ್ತಿ ಅತ್ತಿಗೆಯನ್ನು ಕಂಡವಳೇ ಸ್ಟೂಲು ಎತ್ತಿದಳು.

"ಮತ್ತೆ ಬಂದ್ಯಾ? ಇನ್ನೊಂದು ಕಾಲು ಉಳಿದಿದೆ ಅಂತಾನಾ?"

"ಹೊಡಿ, ಆಮೇಲೆ. ಇವತ್ತು ಪೊಲೀಸು ಇದಾರೆ, ಸ್ವಲ್ಪ ಕೂತ್ಕೋ."

ರೈಟರು ಕಾಗದ ಬಿಚ್ಚಿ ಓದಿದ. "ಸದರಿ ನನ್ನ ಅಣ್ಣನು ಕಾರಿನೊಳಗಿನಿಂದ ನನ್ನನ್ನು ಉದ್ದೇಶಿಸಿ ಮೈಮೇಲೆ ಹತ್ತಿಸುವುದಾಗಿ ಬೆದರಿಸಿ, ನಂತರ ತನ್ನ ಹೆಂಡತಿಗೆ ಬಿಡು ಬಿಡು ಎಂದು ಪ್ರಚೋದಿಸಿ... ಸರಿನಾ?"

"ಸರಿ," ಅಂದ ಎಡಚ, ಸೂರಿನ ಫ್ಯಾನು ನೋಡುತ್ತ.

ಅತ್ತಿಗೆ ಮ್ಯಾಟನ್ನು ಅವನ ಎದೆಯ ಮೇಲೆ ಹಾಸಿದಳು. "ಇದ್ಯಾರು ಕತ್ತರಿಸಿದ್ದು?"

ಅವನು ಅದನ್ನು ನೋಡಲಿಲ್ಲ. "ನಂಗೇನು ಗೊತ್ತು. ಊರಲ್ಲಿ ಸಾವಿರ ಮ್ಯಾಟಿದೆ."

"ನಿನ್ನಣ್ಣ ಏನಂದ?"

"ಬಿಡು ಅಂದ."

"ಯಾವ ಬಿಡು?"

"ಎಷ್ಟು ಬಿಡು ಇದೆ? ಕಾರಲ್ಲಿ ಕೂತು ಬಿಡು ಅಂದ್ರೆ ಗಾಡಿ ಬಿಡು ಅಂತ್ಲೇ. ಬೇರೆ ಅರ್ಥ ಇಲ್ಲ. ಬರ್ಕೊಳ್ಳಿ ಸಾರ್, ಬೇರೆ ಅರ್ಥ ಇಲ್ಲ."

"ಇಲ್ವಾ?"

"ಇಲ್ಲ."

ಅತ್ತಿಗೆ ಎರಡು ಕೈಯಲ್ಲೂ ಅವನ ಕೂದಲು ಹಿಡಿದಳು. ಸುಮ್ಮನೆ ಹಿಡಿದದ್ದಲ್ಲ, ಬಟ್ಟೆ ಹಿಂಡುವ ಹಾಗೆ ಒಂದು ಸುತ್ತು ಸುತ್ತಿ, ತಲೆದಿಂಬಿನಿಂದ ಅವನ ತಲೆಯನ್ನು ಒಂದು ಮೊಳ ಮೇಲೆತ್ತಿದಳು. ಬುಡ ಪಟಪಟ ಕಿತ್ತುಬಂದದ್ದು ಹದಿನಾರು ಹಾಸಿಗೆಗೂ ಕೇಳಿಸಿತು.

"ಅಯ್ಯೋ, ಅತ್ತಿಗೆ, ಬಿಡು. ಬಿಡು, ಬಿಡೇ."

"ಎಲ್ಲಿಗೆ ಬಿಡ್ಲಿ?" ಅಂದಳು ಅತ್ತಿಗೆ.

ಮೂರನೆಯ ಹಾಸಿಗೆಯಲ್ಲಿ ಪಕ್ಕೆಲುಬು ಮುರಿದವನೊಬ್ಬ ನಗಲು ಹೋಗಿ ನೋವಿಗೆ ಕಿರುಚಿದ. ಅವನ ಕಿರುಚು ಕೇಳಿ ಉಳಿದವರು ನಕ್ಕರು.

"ಹೇಳು. ಬಸ್‌ಸ್ಟ್ಯಾಂಡಿಗೆ ಬಿಡ್ಲಾ, ಮನೆಗೆ ಬಿಡ್ಲಾ? ಬೇರೆ ಅರ್ಥ ಇಲ್ವಲ್ಲ." ಇನ್ನೊಂದು ಸುತ್ತು ಸುತ್ತಿದಳು.

ಓರಗಿತ್ತಿ ಸ್ಟೂಲಿನಿಂದ ಅವಳ ಬೆನ್ನಿಗೆ ಹೊಡೆದಳು. ಅತ್ತಿಗೆ ಅಲುಗಲಿಲ್ಲ. ಮತ್ತೊಂದು ಹೊಡೆದಳು. ಎಡಚ ಅಳುತ್ತಿದ್ದ. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು.

"ಹೊಡೀಬೇಡ್ವೇ ಅವಳಿಗೆ," ಅಂದ ಹೆಂಡತಿಗೆ. "ಅಣ್ಣ ನಿಲ್ಸು ಅಂತಾನೇ ಹೇಳಿದ್ದು. ಚಿಕ್ಕಂದಿನಿಂದ ನಾನು ಅವನ ಜುಟ್ಟು ಹಿಡಿದಾಗೆಲ್ಲ ಅದೇ ದನೀಲಿ ಕೂಗ್ತಾನೆ. ಗಾಜಿನಾಚೆಯಿಂದ್ಲೂ ಗೊತ್ತಾಯ್ತು ನಂಗೆ."

ಅತ್ತಿಗೆ ಕೈ ಸಡಿಲಿಸಿದಳು. ಬೆರಳಿನ ಸಂದಿಯಲ್ಲಿ ಒಂದು ಹಿಡಿ ಕೂದಲು ಉಳಿಯಿತು.

"ಮತ್ಯಾಕೋ ಹಂಗೆ ಬರೆಸ್ದೆ?"

ಅವನು ಎದೆಯ ಮೇಲಿನ ಮ್ಯಾಟಿನ ಅಂಚು ಉಜ್ಜಿದ. ಆಮೇಲೆ ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ. ವಾರ್ಡು ಉಸಿರು ಹಿಡಿದು ಕೂತಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಮ್ಯಾಟು ಜರುಗ್ತು ಅಂತ ಹೇಳಿದ್ರೆ ಅವನು ಗೆದ್ದ ಹಾಗಲ್ವಾ? ನಿನ್ನೆ ತಾನೇ ಹೇಳಿದ್ದ, ಯಾರಾದ್ರೂ ಸಾಯ್ತಾರೆ ಅಂತ. ಇನ್ನು ಸಾಯೋ ತನಕ ಆಡ್ಕೋತಾನೆ. ಜೈಲಿಗೆ ಹೋದ್ರೆ ಹೋಗ್ಲಿ, ಗೆಲ್ಲಬಾರದು ಅಂತ."

ರೈಟರು ಪೆನ್ನಿನ ತುದಿ ಕಚ್ಚಿಕೊಂಡು ಅವನನ್ನು ನೋಡಿದ. "ಇದನ್ನ ಹೆಂಗಪ್ಪ ಬರೀಲಿ ನಾನು?"

"ಮ್ಯಾಟು ನಂದು ಅಂತ ಬರೀರಿ. ತೂತು ಹೊಡೆದಿರಲಿಲ್ಲ ಅಂತ ಬರೀರಿ. ಉಳಿದಿದ್ದು ಮನೆ ವಿಷ್ಯ."

ಸೋಮವಾರ ಮಧ್ಯಾಹ್ನ ಅಳತೆಯನ್ನು ಬಿಟ್ಟರು. ಕನ್ನಡಕ ಹಾಕಿಕೊಂಡು, ಹುಬ್ಬಿಗೆ ಏಳು ಹೊಲಿಗೆ ಹಾಕಿಸಿಕೊಂಡು ಹೊರಗೆ ಬಂದ. ಹೆಂಡತಿ ಎಲ್ಲವನ್ನೂ ಹೇಳಿದಳು, ತಾನು ಅನುಮಾನಪಟ್ಟದ್ದನ್ನೂ ಸೇರಿಸಿ. ಮನೆಗೆ ಹೋಗೋಣ ಎಂದರೆ ಬೇಡ ಅಂದ. ಅಂಗಡಿಗೆ ಹೋದ. ಎಡಚ ಕತ್ತರಿಸಿಟ್ಟಿದ್ದ ತೂತಿಲ್ಲದ ಮ್ಯಾಟುಗಳನ್ನೆಲ್ಲ ಬೀದಿಗೆ ಎಳೆದು, ಬಾಗಿದ ಚಾಕುವಿನಿಂದ ಒಂದೊಂದನ್ನೇ, ಕೋಳಿ ಕೊಯ್ಯುವವನ ಹಾಗೆ, ನಡುವೆ ಸೀಳಿದ. ನಲವತ್ತೋ ನಾನೂರೋ. ಅವನನ್ನು ಬೂಟಿನಲ್ಲಿ ಒದ್ದವರೆಲ್ಲ ಬಾಗಿಲ ಸಂದಿಯಿಂದ ನೋಡಿದರು. ಅಂಥ ಮ್ಯಾಟು ಮೊದಲೇ ಒಯ್ದಿದ್ದ ಗಿರಾಕಿಗಳ ಪಟ್ಟಿಯನ್ನು ಹೆಂಡತಿಯ ಕೈಗೆ ಕೊಟ್ಟು, "ನಾಳೆಯಿಂದ ಒಂದೊಂದು ಮನೆಗೂ ಹೋಗಿ ಕಿತ್ತು ತರಬೇಕು," ಅಂದ. ಆಮೇಲೆ ಆಸ್ಪತ್ರೆಗೆ ನಡೆದ.

ಅತ್ತಿಗೆ ಹಿಂದೆಯೇ ಓಡಿದಳು. ವಾರ್ಡಿನ ಬಾಗಿಲಿನ ಬೆಂಚಿನಲ್ಲಿ ಓರಗಿತ್ತಿ ಕೂತಿದ್ದಳು. ಮುಖ ತಿರುಗಿಸಿಕೊಂಡರೂ ಬೆಂಚಿನಲ್ಲಿ ಒಂದಿಷ್ಟು ಜಾಗ ಬಿಟ್ಟಳು.

ಒಳಗೆ ಅಳತೆ ಹಾಸಿಗೆಯ ಪಕ್ಕ ನಿಂತು ಆ ಕಬ್ಬಿಣದ ಕಡ್ಡಿಗಳನ್ನು ಒಂದೊಂದಾಗಿ ನೋಡಿದ. ಕಡ್ಡಿಯಿಂದ ಕಡ್ಡಿಗೆ ಎಷ್ಟೆಂದು ಅವನ ಬೆರಳು ತಾನಾಗಿಯೇ ಗೇಣು ಹಾಕಿತು.

"ಎಲ್ಲೆಲ್ಲಿ ನೋವು?"

"ಕೆನ್ನೆ ಒಂದು ಬಿಟ್ಟು ಎಲ್ಲಾ ಕಡೆ," ಅಂದ ಎಡಚ.

ಅಳತೆ ಕೆನ್ನೆಗೆ ಬಾರಿಸಿದ. ಬಾರಿಸಿದ ಸದ್ದಿಗೆ ಕಿಟಕಿಯ ಮೇಲಿನ ಪಾರಿವಾಳ ಹಾರಿಹೋಯಿತು, ನರ್ಸಿನ ಕೈಯ ತಟ್ಟೆ ಉರುಳಿತು. ಎಡಚ ದಿಂಬಿನ ಪಕ್ಕದ ನೀರಿನ ಬಾಟಲಿ ಎತ್ತಿ ಅಣ್ಣನ ಎದೆಗೆ ಎಸೆದ. ಅದು ಬಡಿದು ಕೆಳಗೆ ಬಿದ್ದಿತು. ಅಳತೆ ಅದನ್ನು ಎತ್ತಿ, ಮುಚ್ಚಳ ತಿರುಗಿಸಿ, ತಮ್ಮನ ತಲೆ ಹಿಡಿದು ನೀರು ಕುಡಿಸಿದ. ಅರ್ಧ ಒಳಗೆ ಹೋಯಿತು, ಅರ್ಧ ಕತ್ತಿಗೆ ಇಳಿಯಿತು.

ಓರಗಿತ್ತಿ ಎದ್ದಳು. ಅತ್ತಿಗೆ ಅವಳ ಕೈ ಹಿಡಿದು ಎಳೆದು ಕೂರಿಸಿದಳು.

"ಕೂತ್ಕೋ. ಇನ್ನೂ ಒಂದೆರಡು ಬಾಕಿ ಇರ್ಬಹುದು."

"ಸಾಯಿಸಿಬಿಟ್ರೆ?"

"ಸಾಯಿಸಲ್ಲ," ಅಂದಳು ಅತ್ತಿಗೆ. "ಆಮೇಲೆ ಯಾರ ಹತ್ರ ಗೆಲ್ತಾನೆ?"